ಗಣಿತದ ಪೇಪರಿನಲ್ಲಿ ನಮ್ಮ ಮಾರ್ಕು ಹೋಗೋದು ಎಲ್ಲಿ?



ಗಣಿತಕ್ಕೆ ಭಾಷೆ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಗಣಿತಕ್ಕೆ ಇರಲಿಕ್ಕಿಲ್ಲ, ಗಣಿತದ ಉತ್ತರಪತ್ರಿಕೆಗೆ ಮಾತ್ರ ಐತಿ. ಆ ಭಾಷೆ ಮರಾಠಿ ಅಲ್ಲ, ಕನ್ನಡ ಅಲ್ಲ, ಇಂಗ್ಲಿಷೂ ಅಲ್ಲ. ಅದು ಹಂತಗಳ ಭಾಷೆ. ಅದನ್ನ ನಮಗೆ ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿಲ್ಲ. ಇವತ್ತು ಅದರ ಬಗ್ಗೆ ಮಾತಾಡೋಣ.

ಬಾರಾವಿ ರಿಸಲ್ಟ್ ಬಂದ ದಿನ ಗಡಹಿಂಗ್ಲಜದಿಂದ ಇಚಲಕರಂಜಿ ತನಕ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: 'ಗಣಿತದಾಗ ಎಷ್ಟು ಬಿತ್ತು?' ಯಾರೂ 'ಹೋದದ್ದು ಎಲ್ಲಿ ಹೋತು?' ಅಂತ ಕೇಳೋದಿಲ್ಲ. 62 ಬಂದ್ರೆ 62, ಮುಗೀತು. ಉಳಿದ 38 ಮಾರ್ಕು ಬರದೇ ಇದ್ದದ್ದಕ್ಕೆ ಹೋದವೋ, ಬಂದದ್ದನ್ನ ಬರೀದೇ ಇದ್ದದ್ದಕ್ಕೆ ಹೋದವೋ, ಇಲ್ಲಾ ಬರೆದದ್ದನ್ನ ತಪಾಸಣೆ ಮಾಡಿದವರು ನೋಡದೇ ಇದ್ದದ್ದಕ್ಕೆ ಹೋದವೋ? ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಔಷಧಿ ಬೇರೆ. ನಾವು ಮೂರನ್ನೂ ಸೇರಿಸಿ 'ನಸೀಬು' ಅಂತ ಹೆಸರಿಟ್ಟು ಸುಮ್ಮನಾಗ್ತೀವಿ.

ಮೊದಲು ಪೇಪರು ಹೆಂಗೈತಿ ನೋಡ್ರಿ. ಮಹಾರಾಷ್ಟ್ರ ಮಂಡಳಿಯ ಬಾರಾವಿ ಸೈನ್ಸ್ ಗಣಿತ 80 ಮಾರ್ಕಿನ ಲಿಖಿತ ಪರೀಕ್ಷೆ, ಮೂರು ತಾಸು. ಉಳಿದ 20 ಒಳಗಿನ ಮೌಲ್ಯಮಾಪನ. ಆ 80ರಲ್ಲಿ ಎರಡೆರಡು ಮಾರ್ಕಿನ 8 ಬಹುಆಯ್ಕೆ ಪ್ರಶ್ನೆ, ಅಂದ್ರೆ 16. ಒಂದೊಂದು ಮಾರ್ಕಿನವು 4. ಆಮೇಲೆ ಎರಡು ಮಾರ್ಕಿನ 8 ಲೆಕ್ಕ ಅಂದ್ರೆ 16, ಮೂರು ಮಾರ್ಕಿನ 8 ಅಂದ್ರೆ 24, ನಾಲ್ಕು ಮಾರ್ಕಿನ 5 ಅಂದ್ರೆ 20. ಕೂಡಿಸಿ ನೋಡ್ರಿ: 80ರಲ್ಲಿ 60 ಮಾರ್ಕು ಬರೆದು ತೋರಿಸೋ ಲೆಕ್ಕಗಳಿಗೇ ಐತಿ. ಈ 60 ಮಾರ್ಕು ಕೊನೆಯ ಉತ್ತರಕ್ಕೆ ಒಂದೇ ಗಂಟಾಗಿ ಬರೋದಿಲ್ಲ, ದಾರಿಯ ಮೇಲೆ ಅಲ್ಲಲ್ಲಿ ಹಂಚಿಕೊಂಡು ಬರ್ತದೆ.

ಒಂದು ಉದಾಹರಣೆ ತಗೊಳ್ಳೋಣ. ಹಂಚಿಕೆ ನಾವು ತಿಳಿಸಿಕೊಡಲಿಕ್ಕೆ ಮಾಡಿದ್ದು, ಮಂಡಳಿಯ ಕಾಗದದಿಂದ ತೆಗೆದದ್ದಲ್ಲ. ನಿಮ್ಮ ಹತ್ರ 36 ಮೀಟರ್ ತಂತಿ ಐತಿ. ಆಯತಾಕಾರದ ಜಾಗಕ್ಕೆ ಒಂದು ಸುತ್ತು ಬೇಲಿ ಹಾಕಬೇಕು. ಒಳಗಿನ ಜಾಗ ಅತಿ ಹೆಚ್ಚು ಸಿಗಬೇಕಾದ್ರೆ ಉದ್ದ, ಅಗಲ ಎಷ್ಟಿರಬೇಕು? ನಾಲ್ಕು ಮಾರ್ಕು.

ನಮ್ಮ ಹುಷಾರ್ ಹುಡುಗ ಏನ್ ಮಾಡ್ತಾನೆ? 'ಚೌಕ ಇದ್ರೆ ಜಾಗ ಜಾಸ್ತಿ, 36 ಭಾಗಿಸು 4 ಅಂದ್ರೆ 9, ಒಂಬತ್ತೊಂಬತ್ಲೆ 81' ಅಂತ ಎರಡೇ ಸಾಲಿನಲ್ಲಿ ಬರೆದು ಮುಂದಿನ ಲೆಕ್ಕಕ್ಕೆ ಹೋಗ್ತಾನೆ. ಉತ್ತರ ಪಕ್ಕಾ ಸರಿ. ಆದ್ರೆ ಪೇಪರು ಕೇಳಿದ್ದು ಉತ್ತರ ಒಂದನ್ನೇ ಅಲ್ಲ. ಅಗಲವನ್ನ 'ಅ' ಅಂತ ಹಿಡಿದ್ರೆ ಉದ್ದ 18−ಅ, ಕ್ಷೇತ್ರಫಲ 18ಅ−ಅ². ಈ ಸಾಲಿಗೆ ಒಂದು ಮಾರ್ಕು. ಅದರ ಡೆರಿವೇಟಿವ್ 18−2ಅ, ಅದನ್ನ ಸೊನ್ನೆಗೆ ಸಮ ಮಾಡಿದ್ರೆ ಅ=9. ಇನ್ನೊಂದು ಮಾರ್ಕು. ಎರಡನೇ ಡೆರಿವೇಟಿವ್ −2, ಅದು ಸೊನ್ನೆಗಿಂತ ಕಡಿಮೆ, ಆದ್ದರಿಂದ ಇಲ್ಲಿ ಸಿಕ್ಕದ್ದು ಗರಿಷ್ಠವೇ ಹೊರತು ಕನಿಷ್ಠ ಅಲ್ಲ. ಮೂರನೇ ಮಾರ್ಕು. ಕೊನೆಗೆ ಉದ್ದ 9, ಅಗಲ 9, ಕ್ಷೇತ್ರಫಲ 81 ಚದರ ಮೀಟರ್. ನಾಲ್ಕನೇದು.

ನೋಡಿದ್ರೇನು? ಉತ್ತರ ಗೊತ್ತಿದ್ದ ಹುಡುಗನಿಗೆ ಒಂದು ಸಿಗೋದೂ ಕಷ್ಟ. ಡೆರಿವೇಟಿವ್ ತನಕ ಸರಿಯಾಗಿ ಬರೆದು ಕೊನೆಯ ಗುಣಾಕಾರದಾಗ 81 ಬದಲು 18 ಬರೆದ ಹುಡುಗಿಗೆ ಮೂರು ಸಿಗಬಹುದು. ಇದು ಅನ್ಯಾಯ ಅಲ್ಲರೀ. ಈ ಲೆಕ್ಕದ ಜೀವ ಇರೋದೇ ಮೂರನೇ ಸಾಲಿನಲ್ಲಿ. ಡೆರಿವೇಟಿವ್ ಸೊನ್ನೆ ಆದ ಕಡೆ ಗುಡ್ಡದ ತುದಿಯೂ ಇರಬಹುದು, ಕಣಿವೆಯ ತಳವೂ ಇರಬಹುದು. ಯಾವುದು ಅಂತ ನೋಡಿದವನಿಗೆ ಗಣಿತ ಗೊತ್ತು, ನೋಡದವನಿಗೆ ಚೌಕದ ಯುಕ್ತಿ ಗೊತ್ತು. ಚೌಕದ ಯುಕ್ತಿ ನಡೆಯದ ಇನ್ನೊಂದು ಲೆಕ್ಕ ಬಂದ್ರೆ ಅವ ಅಲ್ಲೇ ನಿಂತ.

ದಹಾವಿಯವರಿಗೂ ಒಂದು ಮಾತು. ನಿಮ್ಮ ಗಣಿತ ಭಾಗ 1 ಮತ್ತು ಭಾಗ 2, ತಲಾ 40 ಮಾರ್ಕು. ಅದರೊಳಗೆ 'ಕೃತಿ' ಅಂತ ಪ್ರಶ್ನೆ ಬರ್ತಾವಲ್ಲ, ಖಾಲಿ ಚೌಕದ ಡಬ್ಬಿ ತುಂಬಬೇಕಾದವು, ಅವನ್ನ ಸುಲಭದ ಮಾರ್ಕು ಅಂತ ಅಷ್ಟೇ ನೋಡಬ್ಯಾಡ್ರಿ. ಅಲ್ಲಿ ಮಂಡಳಿ ತಾನೇ ಎಲ್ಲ ಹಂತ ಬರೆದು ನಡುನಡುವೆ ಡಬ್ಬಿ ಬಿಟ್ಟಿರ್ತದೆ. ಒಂದು ಸಂಪೂರ್ಣ ಉತ್ತರ ಅಂದ್ರೆ ಎಷ್ಟು ಸಾಲು, ಯಾವ ಸಾಲಿಗೆ ಕಾರಣ ಬೇಕು ಅನ್ನೋದು ಅದರೊಳಗೇ ಕಾಣ್ತದೆ. ಹಳೇ ಪೇಪರಿನ ಹತ್ತು ಕೃತಿ ತಗೊಂಡು, ಡಬ್ಬಿ ಇಲ್ಲದಂಗ ಪೂರ್ತಿ ನೀವೇ ಬರೆದು ನೋಡ್ರಿ. ಹಂತ ಬರೆಯೋ ಪಾಠ ಅದಕ್ಕಿಂತ ಚಲೋ ಎಲ್ಲೂ ಸಿಗೋದಿಲ್ಲ.

ಈಗ ನಮ್ಮ ನಿಜವಾದ ತಕರಾರಿಗೆ ಬರೋಣ. ಅದೇ ತಂತಿ ಲೆಕ್ಕದಲ್ಲಿ ಒಬ್ಬಳು ಹುಡುಗಿ ಗಡಿಬಿಡಿಯಲ್ಲಿ 36ರ ಅರ್ಧ ಮಾಡೋದು ಮರೆತಳು ಅಂತ ತಿಳಕೊಳ್ರಿ. ಉದ್ದ 36−ಅ ಅಂತ ಬರೆದಳು. ಮುಂದಿನದೆಲ್ಲ ಕ್ರಮಬದ್ಧ: ಡೆರಿವೇಟಿವ್ 36−2ಅ, ಅ=18, ಎರಡನೇ ಡೆರಿವೇಟಿವ್ −2, ಗರಿಷ್ಠ, ಕ್ಷೇತ್ರಫಲ 324. ಉತ್ತರ ತಪ್ಪು. ಆದ್ರೆ ತಪ್ಪು ಎಷ್ಟು? ಒಂದೇ. ಆ ಒಂದು ತಪ್ಪಿನ ಮೇಲೆ ಆಕೆ ಮಾಡಿದ ಉಳಿದ ಕೆಲಸವೆಲ್ಲ ಸರಿ. ಕೊನೆಯ ಸಂಖ್ಯೆ ಅಷ್ಟೇ ನೋಡಿ ಅಡ್ಡಗೀಟು ಎಳೆದ್ರೆ ಒಂದು ತಪ್ಪಿಗೆ ನಾಲ್ಕು ಸಲ ದಂಡ ಹಾಕಿದಂಗ. ಕಿರಾಣಿ ಅಂಗಡಿಯವ ಬಿಲ್ಲಿನಲ್ಲಿ ಸಕ್ಕರೆ ದರ ಒಂದು ತಪ್ಪು ಬರೆದ್ರೆ ಮೊತ್ತವೂ ತಪ್ತದೆ. ಹಂಗಂತ ನಾವು ಬಿಲ್ಲು ಹರಿದು ಹಾಕ್ತೀವೇನು? ಸಕ್ಕರೆ ದರ ತಿದ್ದಿ ಮೊತ್ತ ಮತ್ತೆ ಹಾಕಿಸ್ತೀವಿ, ಅಷ್ಟೇ.

ಇದು ನಮ್ಮ ತಲೆಯಿಂದ ಬಂದ ಹೊಸ ಬೇಡಿಕೆ ಅಲ್ಲ. ಸಿಬಿಎಸ್‌ಇ ತನ್ನ ಅಂಕ ಯೋಜನೆಯನ್ನ ವೆಬ್‌ಸೈಟಿನಲ್ಲಿ ಹಾಕ್ತದೆ. ಒಂದು ತಪ್ಪಿಗೆ ಒಂದೇ ಸಲ ಮಾರ್ಕು ಕಡಿತ, ಅದರ ಪರಿಣಾಮವಾಗಿ ಮುಂದೆ ಆದ ತಪ್ಪಿಗೆ ಮತ್ತೆ ಕಡಿತ ಇಲ್ಲ ಅನ್ನೋದು ಅದರ ಪರೀಕ್ಷಕರ ಸೂಚನೆಗಳಲ್ಲೇ ಇದೆ. ಬ್ರಿಟನ್ನಿನ ಎ-ಲೆವೆಲ್ ಗಣಿತದಲ್ಲಿ ವಿಧಾನದ ಮಾರ್ಕು ಬೇರೆ, ನಿಖರ ಉತ್ತರದ ಮಾರ್ಕು ಬೇರೆ. ಹಿಂದಿನ ತಪ್ಪನ್ನ ಹಿಡಕೊಂಡು ಸರಿಯಾಗಿ ಮುಂದೆ ನಡೆದವರಿಗೆ ಕೊಡೋ ಮಾರ್ಕಿಗೆ 'ಫಾಲೋ ಥ್ರೂ' ಅಂತ ಹೆಸರೇ ಇಟ್ಟಾರೆ. ಪಕ್ಕದ ಕರ್ನಾಟಕದ ಪರೀಕ್ಷಾ ಮಂಡಳಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆದ ಮೇಲೆ ಮಾದರಿ ಉತ್ತರ ಪ್ರಕಟಿಸಿ, ಆಕ್ಷೇಪಣೆ ಇದ್ರೆ ಹೇಳ್ರಿ ಅಂತ ಕರೀತದೆ. ನಿಪ್ಪಾಣಿ, ಸಂಕೇಶ್ವರದ ಹುಡುಗರಿಗೆ ಮನೆಯಲ್ಲೇ ಕೂತು ನೋಡಲಿಕ್ಕೆ ಸಿಗೋದು, ಹತ್ತಾರು ಕಿಲೋಮೀಟರ್ ಈಚೆ ಇರೋ ಗಡಹಿಂಗ್ಲಜದ ಹುಡುಗರಿಗೂ ಸಿಗಬೇಕು.

ಇನ್ನು ಭಾಷೆ ಮಾತು. ನಮ್ಮಲ್ಲಿ ಮನೆಯ ಭಾಷೆ ಕನ್ನಡ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಬಹಳ ಮಕ್ಕಳು ಕಲಿಯೋದು ಮರಾಠಿ ಮಾಧ್ಯಮ ಇಲ್ಲಾ ಸೆಮಿ-ಇಂಗ್ಲಿಷ್. ಸೈನ್ಸಿಗೆ ಹೋದ್ರೆ ಗಣಿತ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚು ಸಿಗೋದು ಜತ್ತ, ಅಕ್ಕಲಕೋಟೆ ಕಡೆ. ಸಾಂಗ್ಲಿ ಜಿಲ್ಲೆಯ ಜತ್ತ ನಮ್ಮ ಕೊಲ್ಹಾಪುರ ವಿಭಾಗೀಯ ಮಂಡಳಿಗೇ ಬರ್ತದೆ.

ಲೆಕ್ಕದ ಸಂಖ್ಯೆಯಲ್ಲಿ ಭಾಷೆ ಅಡ್ಡ ಬರೋದಿಲ್ಲ. ಅಡ್ಡ ಬರೋದು ಕಾರಣ ಬರೆಯೋ ಸಾಲಿನಲ್ಲಿ. ಭೂಮಿತಿಯ ಪ್ರಮೇಯ ನೋಡ್ರಿ. ಮರಾಠಿ ಪುಸ್ತಕದಲ್ಲಿ ಮೊದಲು 'ಪಕ್ಷ', ಆಮೇಲೆ 'ಸಾಧ್ಯ', ಆಮೇಲೆ 'ಸಿದ್ಧತಾ'. ಕನ್ನಡದ ಕಿವಿಗೆ ಪಕ್ಷ ಅಂದ್ರೆ ಚುನಾವಣೆಗೆ ನಿಲ್ಲೋದು, ಸಾಧ್ಯ ಅಂದ್ರೆ ಆಗಬಹುದಾದದ್ದು, ಸಿದ್ಧತೆ ಅಂದ್ರೆ ತಯಾರಿ. ಅಲ್ಲಿ ಅವುಗಳ ಅರ್ಥ ಕೊಟ್ಟದ್ದು, ಸಾಧಿಸಬೇಕಾದದ್ದು, ಸಾಧನೆ. ಕನ್ನಡ ಪುಸ್ತಕದ ದತ್ತ, ಸಾಧನೀಯ, ಸಾಧನೆ ಇವೇ. ಹಂಗೇ ಮರಾಠಿಯ 'ಏಕರೂಪ' ನಮ್ಮ ಸರ್ವಸಮ. 'ಸಮರೂಪ' ಎರಡರಲ್ಲೂ ಸಮರೂಪವೇ. ಕೇಳಲಿಕ್ಕೆ ಎರಡೂ ಒಂದೇ ಅನಿಸ್ತದೆ. ಆದ್ರೆ ಏಕರೂಪ ತ್ರಿಕೋನಗಳು ಅಳತೆಯಲ್ಲೂ ಒಂದೇ, ಸಮರೂಪ ತ್ರಿಕೋನಗಳು ಆಕಾರದಲ್ಲಿ ಮಾತ್ರ ಒಂದೇ.

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಸಮರೂಪ ಅನ್ನೋ ಕಡೆ ಏಕರೂಪ ಅಂತ ಬರೆದ್ರೆ ಮಾರ್ಕು ಹೋಗೋದು ಸರಿ, ಯಾಕಂದ್ರೆ ಅಲ್ಲಿ ಗಣಿತವೇ ಬದಲಾಯ್ತು. ಆದ್ರೆ ಸಮರೂಪದ ದೀರ್ಘ ಹೋಗಿ ಹ್ರಸ್ವ ಆದದ್ದಕ್ಕೆ, ವಾಕ್ಯ ಸ್ವಲ್ಪ ಸೊಟ್ಟ ಆದದ್ದಕ್ಕೆ, ಕಾರಣವನ್ನ ಪುಸ್ತಕದ ಮಾತಿನಲ್ಲಿ ಬರೀದೇ ತನ್ನ ಮಾತಿನಲ್ಲಿ ಬರೆದದ್ದಕ್ಕೆ ಮಾರ್ಕು ಹೋಗಬಾರದು. ಮೊದಲನೇದು ಅರ್ಥದ ತಪ್ಪು, ಎರಡನೇದು ಅಕ್ಷರದ ತಪ್ಪು. ಗಣಿತದ ಪೇಪರಿನಲ್ಲಿ ತಪಾಸಣೆ ಆಗಬೇಕಾದದ್ದು ಮೊದಲನೇದು. ಮಾರ್ಕು ಕಡಿಮೆ ಬಂದ ತಕ್ಷಣ 'ನಾವು ಕನ್ನಡದವರು, ಅದಕ್ಕೇ ಹಾಕಿಲ್ಲ' ಅಂತ ಹೇಳೋದನ್ನ ನಾವು ಒಪ್ಪೋದಿಲ್ಲ. ಉತ್ತರಪತ್ರಿಕೆ ಕೈಯಲ್ಲಿ ಇಟ್ಟುಕೊಂಡು, ಈ ಸಾಲಿಗೆ ಈ ಮಾರ್ಕು ಬರಬೇಕಿತ್ತು ಅಂತ ಬೆರಳಿಟ್ಟು ತೋರಿಸಿದ್ರೆ ಮಾತ್ರ ಆ ಮಾತಿಗೆ ತೂಕ.

'ಒಂದೆರಡು ಮಾರ್ಕಿಗೆ ಇಷ್ಟೆಲ್ಲ ಯಾಕ್ರಿ?' ಅಂತ ಕೇಳ್ತೀರಿ. ಹೇಳ್ತೀವಿ ಕೇಳ್ರಿ. ಎಮ್‌ಎಚ್‌ಟಿ-ಸಿಇಟಿ ಬರೆದು ಮಹಾರಾಷ್ಟ್ರದಲ್ಲೇ ಎಂಜಿನಿಯರಿಂಗಿಗೆ ಹೋಗೋರಿಗೆ ಬಾರಾವಿ ಮಾರ್ಕು ಅರ್ಹತೆಗೆ ಸಾಕಾಗುವಷ್ಟಿದ್ರೆ ನಡೀತದೆ, ರ‍್ಯಾಂಕು ನಿಲ್ಲೋದು ಸಿಇಟಿ ಮೇಲೆ. ಎನ್‌ಐಟಿ, ಐಐಟಿ ಸೀಟಿಗೆ ಸಾಮಾನ್ಯ ವರ್ಗದವರಿಗೆ ಬಾರಾವಿಯಲ್ಲಿ 75 ಪ್ರತಿಶತ ಬೇಕು, ಇಲ್ಲಾ ತಮ್ಮ ಮಂಡಳಿಯ ಮೇಲಿನ 20 ಪರ್ಸೆಂಟೈಲಿನಲ್ಲಿ ಇರಬೇಕು. ಆದ್ರೆ ಗಡಹಿಂಗ್ಲಜದವರಿಗೆ ಇನ್ನೊಂದು ಬಾಗಿಲು ಐತಿ, ಬಹಳ ಮಂದಿಗೆ ಗೊತ್ತೇ ಇಲ್ಲ. ಕರ್ನಾಟಕದ ಕೆಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶ ಕೊಡೋ ನಿಯಮದಲ್ಲಿ ಗಡಹಿಂಗ್ಲಜ ತಾಲೂಕಿನ ಹೆಸರು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಜೊತೆಗೇ ಬರೆದಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇರ್ತದೆ. ಇಚಲಕರಂಜಿ, ಕೊಲ್ಹಾಪುರದವರು ಹೊರನಾಡು ಕನ್ನಡಿಗರ ನಿಯಮ ಓದಿ ನೋಡ್ಕೊಳ್ರಿ.

ಆ ಬಾಗಿಲಿನಲ್ಲಿ ಬಾರಾವಿ ಮಾರ್ಕಿನ ಬೆಲೆಯೇ ಬೇರೆ. ಕೆಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಭಾರ ಸಿಇಟಿದು, ಇನ್ನರ್ಧ ಭಾರ ಬಾರಾವಿಯ ಭೌತ, ರಸಾಯನ, ಗಣಿತದ್ದು. ಮೂರು ವಿಷಯ ಸೇರಿ 300ಕ್ಕೆ ಲೆಕ್ಕ ಹಿಡಿಯೋಣ. ಸಿಇಟಿಯಲ್ಲಿ ಮೂರು ವಿಷಯ ಸೇರಿ 180 ಪ್ರಶ್ನೆ, ತಲಾ ಒಂದು ಮಾರ್ಕು. 300ರಲ್ಲಿ 5 ಅಂದ್ರೆ ಎಷ್ಟು ಪ್ರತಿಶತವೋ, 180ರಲ್ಲಿ 3 ಅಂದ್ರೂ ಅಷ್ಟೇ ಪ್ರತಿಶತ. ಅಂದ್ರೆ ಬಾರಾವಿ ಗಣಿತದಲ್ಲಿ ಹಂತ ಬರೀದೇ ಕಳಕೊಂಡ ಐದು ಮಾರ್ಕು ತುಂಬಿಕೊಳ್ಳಲಿಕ್ಕೆ ಸಿಇಟಿಯಲ್ಲಿ ಮೂರು ಪ್ರಶ್ನೆ ಜಾಸ್ತಿ ಸರಿ ಮಾಡಬೇಕು. ಮೂರು ಪ್ರಶ್ನೆ ಜಾಸ್ತಿ ಮಾಡಲಿಕ್ಕೆ ವರ್ಷಗಟ್ಟಲೆ ಕ್ಲಾಸಿಗೆ ದುಡ್ಡು ಸುರೀತೀವಿ. ಎರಡನೇ ಡೆರಿವೇಟಿವಿನ ಒಂದು ಸಾಲು ಬರೆಯೋದಕ್ಕೆ ಎಷ್ಟು ಖರ್ಚು?

ಈಗ ಉತ್ತರಪತ್ರಿಕೆ ನೋಡೋ ಹಕ್ಕಿನ ಮಾತು. ಇದು ತಾನಾಗೇ ಬಂದದ್ದಲ್ಲ. 1980ರ ಸುಮಾರಿಗೆ ನಮ್ಮ ಇದೇ ಮಹಾರಾಷ್ಟ್ರ ಮಂಡಳಿಯ ನಿಯಮದ ಪ್ರಕಾರ ಹುಡುಗರಿಗೆ ಸಿಗ್ತಿದ್ದದ್ದು ಪಡತಾಳಣಿ ಅಷ್ಟೇ: ಎಲ್ಲ ಉತ್ತರಕ್ಕೂ ಮಾರ್ಕು ಬಿದ್ದದ್ಯೋ, ಕೂಡಿಸಿದ್ದು ಸರಿ ಐತೋ ಅಂತ ಮಂಡಳಿಯವರೇ ನೋಡಿ ಹೇಳೋದು. ಪತ್ರಿಕೆ ತೋರಿಸೋದಿಲ್ಲ, ಮರುಮೌಲ್ಯಮಾಪನವೂ ಇಲ್ಲ. ವಿದ್ಯಾರ್ಥಿಗಳು ಮುಂಬಯಿ ಹೈಕೋರ್ಟಿಗೆ ಹೋದರು, ಅಲ್ಲಿ ಗೆದ್ದರು. ಮಂಡಳಿ ಸುಪ್ರೀಂ ಕೋರ್ಟಿಗೆ ಹೋಯ್ತು. 1984ರ ಜುಲೈನಲ್ಲಿ ಪರಿತೋಷ್ ಭೂಪೇಶಕುಮಾರ್ ಶೇಠ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಂಡಳಿಯ ನಿಯಮವನ್ನೇ ಎತ್ತಿ ಹಿಡೀತು.

ಮುಂದೆ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. 2011ರ ಆಗಸ್ಟ್ 9ಕ್ಕೆ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ತಪಾಸಣೆ ಆದ ಉತ್ತರಪತ್ರಿಕೆ ಕೂಡ 'ಮಾಹಿತಿ'ಯೇ, ಬರೆದ ವಿದ್ಯಾರ್ಥಿಗೆ ಅದನ್ನ ನೋಡೋ ಹಕ್ಕಿದೆ ಅಂತ ಹೇಳ್ತು. ಪರೀಕ್ಷಕರ ಹೆಸರು ಮಾತ್ರ ಗುಟ್ಟಾಗಿರಬೇಕು. 1984ರಿಂದ 2011, ಇಪ್ಪತ್ತೇಳು ವರ್ಷ. ಅಷ್ಟು ವರ್ಷ ಆದ ಮೇಲೆ ಕೈಗೆ ಬಂದ ಹಕ್ಕನ್ನ ನಾವು ಬಳಸದೇ ಬಿಟ್ರೆ ಹೆಂಗ್ರಿ?

ಇವತ್ತು ಮಂಡಳಿಯಲ್ಲಿ ಮೂರು ದಾರಿ ಇವೆ. ಗುಣಪಡತಾಳಣಿ, ಅಂದ್ರೆ ಕೂಡಿಸಿದ್ದರ ಪರಿಶೀಲನೆ. ಛಾಯಾಪ್ರತಿ, ಅಂದ್ರೆ ನಿಮ್ಮ ಪತ್ರಿಕೆಯ ನಕಲು. ಪುನರ್ಮೂಲ್ಯಾಂಕನ, ಅಂದ್ರೆ ಮತ್ತೊಮ್ಮೆ ತಪಾಸಣೆ. ಇದರೊಳಗೆ ಕ್ರಮ ಮುಖ್ಯ: ಛಾಯಾಪ್ರತಿ ತಗೊಂಡ ಮೇಲೇ ಪುನರ್ಮೂಲ್ಯಾಂಕನಕ್ಕೆ ಅರ್ಜಿ. ಪ್ರತಿ ಸಿಕ್ಕ ಮೇಲೆ ಕೈಯಲ್ಲಿ ಇರೋದು ಕೆಲಸದ ಐದು ದಿವಸ. ಅಷ್ಟರೊಳಗೆ ನೋಡಬೇಕು, ತಿಳಿದವರಿಗೆ ತೋರಿಸಬೇಕು, ಅರ್ಜಿ ಹಾಕಬೇಕು. ಕ್ಲಾಸಿನ ಸರ್ ಗಾಂವಿಗೆ ಹೋಗ್ಯಾರ, ಅಪ್ಪಾ ಪಾಳಿ ಮುಗಿಸಿ ಬರಲಿ ಅಂತ ಕೂತ್ರೆ ದಿನ ದಾಟಿ ಹೋಗ್ತಾವೆ. ರಿಸಲ್ಟಿಗಿಂತ ಮೊದಲೇ ಯಾರಿಗೆ ತೋರಿಸಬೇಕು ಅಂತ ಗೊತ್ತು ಮಾಡಿಕೊಂಡು ಇಡ್ರಿ. ಶುಲ್ಕ, ಕೊನೆಯ ದಿನಾಂಕ ಆಯಾ ವರ್ಷದ ಮಂಡಳಿ ಪ್ರಕಟಣೆಯಲ್ಲಿ ಇರ್ತಾವೆ, ಅದನ್ನೇ ನಂಬ್ರಿ, ವಾಟ್ಸಾಪ್ ಸುದ್ದಿ ನಂಬಬ್ಯಾಡ್ರಿ.

ಒಂದು ಮಾತು ಸ್ಪಷ್ಟ ಇರಲಿ. ಪೇಪರು ತಪಾಸಣೆ ಮಾಡೋ ಮಾಸ್ತರರು ನಮ್ಮ ವೈರಿಗಳಲ್ಲ. ಬೇಸಿಗೆಯ ಸೆಕೆಯಲ್ಲಿ ಗಠ್ಠಾ ಗಠ್ಠಾ ಪೇಪರು ಅವರ ಮುಂದೆ ಇರ್ತಾವೆ, ಮೇಲೆ ನಿಯಾಮಕರು, ಮುಖ್ಯ ನಿಯಾಮಕರು, ತಲೆ ಮೇಲೆ ತಾರೀಖು. ಅವಸರದಲ್ಲಿ ಇದ್ದ ಮನುಷ್ಯನ ಕಣ್ಣು ಮೊದಲು ಹೋಗೋದು ಕೊನೆಯ ಸಾಲಿಗೆ. ಅದಕ್ಕೇ ನಾವು ಕೇಳೋದು ಯಾರಿಗೂ ಶಿಕ್ಷೆ ಕೊಡ್ರಿ ಅಂತ ಅಲ್ಲ. ಎಲ್ಲರ ಕಣ್ಣಿಗೂ ಕಾಣೋ ಒಂದು ಕಾಗದ ಕೊಡ್ರಿ ಅಂತ.

ಮಂಡಳಿಗೆ ನಮ್ಮ ಬೇಡಿಕೆ ನಾಲ್ಕೇ. ಒಂದು, ಪ್ರತಿ ಗಣಿತ ಪೇಪರಿನ ಹಂತವಾರು ಅಂಕ ಹಂಚಿಕೆಯನ್ನ ಛಾಯಾಪ್ರತಿಗೆ ಅರ್ಜಿ ಶುರುವಾಗೋಕ್ಕಿಂತ ಮೊದಲು ಪ್ರಕಟ ಮಾಡಬೇಕು. ಹಂಚಿಕೆ ಕಾಣದೇ ಪತ್ರಿಕೆ ನೋಡೋದು ದರಪಟ್ಟಿ ಇಲ್ಲದೇ ಬಿಲ್ಲು ನೋಡಿದಂಗ. ಎರಡು, ಒಂದು ತಪ್ಪಿಗೆ ಒಂದೇ ಸಲ ಕಡಿತ ಅನ್ನೋದನ್ನ, ಬೇರೆ ಸರಿಯಾದ ವಿಧಾನಕ್ಕೂ ಪೂರ್ತಿ ಮಾರ್ಕು ಅನ್ನೋದನ್ನ ಆ ಕಾಗದದ ತಲೆಯಲ್ಲೇ ಅಚ್ಚು ಹಾಕಬೇಕು. ಮೂರು, ಗಣಿತದ ಅರ್ಥ ಕೆಡದೇ ಇರೋ ಭಾಷೆಯ ತಪ್ಪಿಗೆ ಕಡಿತ ಇಲ್ಲ ಅಂತ ಎಲ್ಲ ಮಾಧ್ಯಮಗಳ ಪರೀಕ್ಷಕರಿಗೂ ಬರೆದು ಹೇಳಬೇಕು, ಕನ್ನಡ ಮಾಧ್ಯಮದ ಪೇಪರು ಕನ್ನಡ ಓದಬಲ್ಲ ಗಣಿತ ಶಿಕ್ಷಕರ ಕೈಯಲ್ಲೇ ತಪಾಸಣೆ ಆಗಬೇಕು. ನಾಲ್ಕು, ಛಾಯಾಪ್ರತಿ, ಪುನರ್ಮೂಲ್ಯಾಂಕನದ ಸೂಚನೆ ಕನ್ನಡ ಶಾಲೆಗಳ ಫಲಕದಲ್ಲಿ ಕನ್ನಡದಲ್ಲೂ ಬರಬೇಕು. ಇವುಗಳಿಂದ ಲಾಭ ಕನ್ನಡದವರಿಗೆ ಅಷ್ಟೇ ಅಲ್ಲ. ಮರಾಠಿ ಮನೆಯ ಹುಡುಗಿಗೂ ಅದೇ ನಾಲ್ಕು ಮಾರ್ಕು, ಉರ್ದು ಮಾಧ್ಯಮದ ಹುಡುಗನಿಗೂ ಅದೇ.

ಮಂಡಳಿ ಕೇಳೋ ತನಕ ನಾವೇನು ಮಾಡೋಣ? ನಮ್ಮ ಕೈಯಲ್ಲೂ ಕೆಲಸ ಐತಿ. ಮಗ್ಗದ ಊರಿನಲ್ಲಿ ಇರಲಿ, ಹೊಲದ ಊರಿನಲ್ಲಿ ಇರಲಿ, ಬಾರಾವಿ ಗಣಿತ ಮುಗಿಸಿದ ನಾವು ನಾಲ್ಕು ಮಂದಿ ಕೂಡಿದ್ರೆ ಸಾಕು. ಡಿಸೆಂಬರಿನಲ್ಲಿ ತಮ್ಮ, ತಂಗಿಯರಿಗೆ ಹಳೇ ಪೇಪರು ಬರೆಸೋದು. ಒಬ್ಬರದು ಇನ್ನೊಬ್ಬರು ತಪಾಸಣೆ ಮಾಡೋದು, ಸಾಲು ಸಾಲಿಗೆ ಮಾರ್ಕು ಹಾಕೋದು. ಬೇರೆಯವರ ಪೇಪರಿಗೆ ಮಾರ್ಕು ಹಾಕಲಿಕ್ಕೆ ಕೂತವನಿಗೆ ತನ್ನ ಪೇಪರಿನಲ್ಲಿ ಏನು ಬರೆದಿಲ್ಲ ಅನ್ನೋದು ಒಂದೇ ವಾರದಲ್ಲಿ ಗೊತ್ತಾಗ್ತದೆ. ಛಾಯಾಪ್ರತಿ ತರಿಸಿದವರು ಹೆಸರು, ನಂಬರು ಮುಚ್ಚಿ ಅದನ್ನ ಮುಂದಿನ ವರ್ಷದವರಿಗೆ ತೋರಿಸ್ರಿ. ಒಬ್ಬರು ಕೊಟ್ಟ ಶುಲ್ಕ ಇಪ್ಪತ್ತು ಜನಕ್ಕೆ ಪಾಠ ಆಗಲಿ.

ಪರೀಕ್ಷೆ ಬರೆಯೋ ತಮ್ಮ, ತಂಗಿಯರೇ, ನಿಮಗೆ ಇಷ್ಟೇ: ಗೊತ್ತಿದ್ದದ್ದನ್ನ ತಲೆಯಲ್ಲಿ ಇಟ್ಟುಕೊಂಡು ಬರಬ್ಯಾಡ್ರಿ, ಕಾಗದದ ಮೇಲೆ ಇಟ್ಟು ಬರ್ರಿ. ಸೂತ್ರ ಒಂದು ಸಾಲು, ಬೆಲೆ ಹಾಕಿದ್ದು ಒಂದು ಸಾಲು, ಕಾರಣ ಒಂದು ಸಾಲು, ಕೊನೆಗೆ ಏಕಮಾನ. ಲೆಕ್ಕ ಅರ್ಧಕ್ಕೆ ನಿಂತ್ರೆ ಅರ್ಧವನ್ನೂ ಹಂಗೇ ಬಿಡ್ರಿ, ಕಾಟು ಹಾಕಬ್ಯಾಡ್ರಿ. ಆ ಅರ್ಧ ನಿಮ್ಮದು, ಅದರ ಮಾರ್ಕೂ ನಿಮ್ಮದು. ರಿಸಲ್ಟ್ ಬಂದ ಮೇಲೆ ಅದು ಸಿಕ್ಕದ್ಯೋ ಇಲ್ಲೋ ಅಂತ ಕೇಳೋದು ನಾವೆಲ್ಲ ಕೂಡಿ ಮಾಡೋ ಕೆಲಸ.